ಆ ಕಂಬದವರೆಗೆ ಕೇಳಬೇಕು

ನಮ್ಮ ಪಿ.ಟಿ. ಮೇಡಂ ಅವರ ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ. ಯಾವಾಗಲೋ ಮುರಿದು ಸರಿಯಾಗಿ ಕೂಡಿರಲಿಲ್ಲ. ವಿಷಲ್ ಊದುವಾಗ, ಹಾಜರಿ ಬರೆಯುವಾಗ, ಬಸ್ಸಿನ ಕಂಬಿ ಹಿಡಿದು ನಿಂತಾಗ, ಆ ಒಂದು ಬೆರಳು ತನಗೂ ಈ ಕೆಲಸಕ್ಕೂ ಸಂಬಂಧವಿಲ್ಲವೆಂಬಂತೆ ನೆಟ್ಟಗೆ ನಿಂತಿರುತ್ತಿತ್ತು. ಖೊಖೊ ಅಭ್ಯಾಸದಲ್ಲಿ ಅವರು ನಮ್ಮ ಬೆನ್ನು ಮುಟ್ಟಿ ಖೋ ಕೊಟ್ಟರೆ ತಿರುಗಿ ನೋಡಬೇಕಿರಲಿಲ್ಲ. ಅಂಗೈಗಿಂತ ಮೊದಲು ಆ ಬೆರಳೇ ಚುಚ್ಚುತ್ತಿತ್ತು.

ಮಧುಗಿರಿ ಪಕ್ಕದ ನಮ್ಮ ಹೈಸ್ಕೂಲಿಗೆ ಅವರು ದಿನಾ ಕೊರಟಗೆರೆಯಿಂದ ಬರುತ್ತಿದ್ದರು. ಶುಕ್ರವಾರಗಳಲ್ಲಿ ಗೊರವನಹಳ್ಳಿಯ ಲಕ್ಷ್ಮಿ ಗುಡಿಗೆ ಹೋಗಿಬರುವವರಿಂದ ಬಸ್ಸು ತುಂಬಿರುತ್ತಿತ್ತು. ಸೀರೆಯೆಲ್ಲ ಮುದ್ದೆಯಾಗಿ ಇಳಿದು, ಇವತ್ತು ಬಸ್ಸಲ್ಲೇ ವಾರ್ಮಪ್ ಆಯಿತು ಎಂದು ನಗುತ್ತಿದ್ದರು. ಅವರು ಮೈದಾನದ ಆ ತುದಿಯಿಂದ ಕೂಗಿದರೆ ಈ ತುದಿಯ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರು ಒಂದು ಕ್ಷಣ ಪಾಠ ನಿಲ್ಲಿಸುತ್ತಿದ್ದರು.

ನನಗೆ ಆ ದನಿಯಿರಲಿಲ್ಲ. ನನ್ನ ಮಾತು ಪಡಸಾಲೆ ದಾಟಿ ಬೀದಿಗೆ ಕೇಳಿದರೆ ಸಾಕು, ಅಜ್ಜಿ ಗದರುತ್ತಿದ್ದಳು. ಕಾಲು ಚುರುಕಾಗಿದ್ದರಿಂದ ಖೊಖೊ ತಂಡಕ್ಕೆ ಸೇರಿದ್ದೆ. ಆದರೆ ಆ ಆಟದಲ್ಲಿ ಕಾಲಿದ್ದರೆ ಸಾಲದು. ಸಾಲಾಗಿ ಕೂತವಳ ಬೆನ್ನು ಮುಟ್ಟಿ, ಎದುರಾಳಿಗೂ ಕೇಳುವಂತೆ ಖೋ ಎನ್ನಬೇಕು. ಆಮೇಲಷ್ಟೇ ಅವಳು ಎದ್ದು ಅಟ್ಟಿಸಿಕೊಂಡು ಹೋಗಬಹುದು.

ಒಂಬತ್ತನೇ ಕ್ಲಾಸಿನಲ್ಲಿ ನಾವು ಶಿರಾದಲ್ಲಿ ಪಾವಗಡದ ಹುಡುಗಿಯರ ಮೇಲೆ ಫೈನಲ್ ಆಡಿದೆವು. ಕೊನೆಯ ನಿಮಿಷ, ಒಂದು ಪಾಯಿಂಟ್ ಸಿಕ್ಕಿದ್ದರೆ ಸಮ. ನಾನು ಗೆಳತಿಯ ಬೆನ್ನು ಮುಟ್ಟಿದೆ. ಖೋ ಅಂದೆ, ನನ್ನ ಮಟ್ಟಿಗೆ. ಅವಳು ಎದ್ದಳು, ಅಂಪೈರ್ ಫೌಲ್ ಎಂದು ವಿಷಲ್ ಊದಿದರು, ಓಡುತ್ತಿದ್ದವಳು ತಪ್ಪಿಸಿಕೊಂಡಳು. ಕೈ ಕುಲುಕುವಾಗ ಪಾವಗಡದ ಹುಡುಗಿಯೊಬ್ಬಳು "ನೀಕು ಗೊಂತೇ ಲೇದಾ?" ಎಂದು ತೆಲುಗಿನಲ್ಲಿ ನಕ್ಕಳು. ನಿನಗೆ ಗಂಟಲೇ ಇಲ್ಲವಾ ಅಂತ. ಇಲ್ಲವೆಂದೇ ನಾನೂ ನಂಬಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಬೈಗುಳಕ್ಕೆ ಕಾದೆ. ಮೇಡಂ ಎಲ್ಲರಿಗೂ ಹುರಿದ ಕಡಲೆಕಾಯಿ ಹಂಚಿ ಕಿಟಕಿಗೆ ಒರಗಿ ನಿದ್ದೆ ಮಾಡಿದರು. ಮರುದಿನ ಬೆಳಗ್ಗೆ ನನ್ನನ್ನು ಖೊಖೊ ಅಂಕಣದ ಒಂದು ಕಂಬದ ಹತ್ತಿರ ನಿಲ್ಲಿಸಿ, ತಾವು ಇನ್ನೊಂದು ಕಂಬಕ್ಕೆ ಹೋಗಿ, ಕಿವಿಗೆ ಕೈ ಇಟ್ಟುಕೊಂಡು ನಿಂತರು. ಕೂಗಿದೆ. ಕೇಳಲಿಲ್ಲವೆಂದು ತಲೆಯಾಡಿಸಿದರು. ಹೀಗೆ ಒಂದು ವಾರ. ನಾಚಿಕೆ ಹೋಗಿ ಸಿಟ್ಟು ಬಂತು. ಆ ಸಿಟ್ಟಿನಲ್ಲೊಮ್ಮೆ ಕೂಗಿದ್ದಕ್ಕೆ ಬಿಸಿಯೂಟದ ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಮೇಡಂ ಓಡಿ ಬಂದು ನನ್ನ ಬೆನ್ನಿಗೆ ಹೊಡೆದರು.

"ಈಗ ಬಂತು ನೋಡು. ನಿಂದೇ ದನಿ ಕಣಮ್ಮ, ಇಷ್ಟ್ ದಿನ ಎಲ್ಲಿ ಮಡಗಿದ್ದೆ?"

ಆ ವರ್ಷದ ಕ್ರೀಡಾದಿನದಂದು ಮೈಕನ್ನು ನನ್ನ ಕೈಗೆ ಕೊಟ್ಟರು. ಅದನ್ನು ನಾನು ಇವತ್ತಿನವರೆಗೂ ಕೆಳಗಿಟ್ಟಿಲ್ಲ ಎಂದು ನನ್ನ ಗಂಡ ರೇಗಿಸುತ್ತಾರೆ. ತುಮಕೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ರಜೆ ಸಿಕ್ಕರೆ ನಮ್ಮ ಕಡೆಯ ಆಟಗಾರ್ತಿಯರನ್ನು ಹುಡುಕಿಕೊಂಡು ಹೋಗಿ ಪಾಡ್‌ಕಾಸ್ಟ್ ಮಾಡುತ್ತೇನೆ. ಬುಕ್ಕಾಪಟ್ಟಣದಲ್ಲಿ ಹೊಲಿಗೆ ಮಾಡುವ ಜಾವೆಲಿನ್ ಎಸೆತಗಾರ್ತಿ, ಬಲಸಮುದ್ರದಲ್ಲಿ ಸೋಲಾರ್ ಫಲಕ ತೊಳೆಯುವ ಕಬಡ್ಡಿ ಆಟಗಾರ್ತಿ, ಎಲ್ಲರೂ ಮಾತಾಡಿದ್ದಾರೆ. ಮೊದಲನೆಯ ಮಾತು ಮಾತ್ರ ಮೇಡಂ ಅವರದೇ ಆಗಬೇಕೆಂದು ಹಟ ಹಿಡಿದಿದ್ದೆ. ಆಗಲೇ ಅವರು ನಿವೃತ್ತರಾಗಿದ್ದರು. ತಮ್ಮದೇನಿದೆ, ವಿಷಲ್ ಊದಿದ್ದಷ್ಟೇ ಎಂದು ಎರಡು ತಿಂಗಳು ಸತಾಯಿಸಿ ಒಪ್ಪಿದರು.

ಅವರ ಮನೆಯ ನಡುಮನೆಯಲ್ಲಿ ಮೈಕು ಇಟ್ಟು, ಹೆಡ್‌ಫೋನ್ ಹಾಕಿಕೊಂಡು ಕೂತೆ. ಫ್ಯಾನಿನ ಸದ್ದು ಕೇಳಿತು, ಕುಕ್ಕರಿನ ಸೀಟಿ ಕೇಳಿತು, ಮೇಡಂ ದನಿ ಕೇಳಲಿಲ್ಲ. ಸ್ವಲ್ಪ ಗಟ್ಟಿಯಾಗಿ ಎಂದು ಮೂರು ಸಲ ಕೇಳಿಕೊಂಡೆ. ಅವರು ಅಡುಗೆಮನೆಯ ಬಾಗಿಲ ಕಡೆ ನೋಡಿ ನಕ್ಕರು.

"ಮನೇಲಿ ನನ್ನ ದನಿ ಇಷ್ಟೇ ಕಣಮ್ಮ. ನಮ್ಮತ್ತೆ ಕಾಲದಿಂದ ಅಭ್ಯಾಸ ಆಗ್ಬುಟ್ಟೈತೆ."

ಮೈದಾನದ ಆ ದನಿ ಅವರಿಗೆ ಹುಟ್ಟಿನಿಂದ ಬಂದದ್ದು, ಎಲ್ಲ ಕಡೆಯೂ ಅವರ ಜೊತೆಗಿರುವಂಥದ್ದು ಎಂದೇ ತಿಳಿದಿದ್ದೆ. ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ನಮ್ಮ ಹಳೆಯ ಮೈದಾನಕ್ಕೆ ಹೋದೆ. ಭಾನುವಾರ, ಯಾರೂ ಇರಲಿಲ್ಲ. ಅವರ ಸೆರಗಿಗೆ ಪುಟ್ಟ ಮೈಕು ಸಿಕ್ಕಿಸಿ, ಅವರನ್ನು ಒಂದು ಕಂಬದ ಹತ್ತಿರ ಬಿಟ್ಟು, ಇನ್ನೊಂದು ಕಂಬಕ್ಕೆ ಹೋಗಿ ಕಿವಿಗೆ ಕೈ ಇಟ್ಟುಕೊಂಡು ನಿಂತೆ.

ಅವರು ಜೋರಾಗಿ ನಕ್ಕರು. ಆಮೇಲೆ ಮಾತಾಡಿದರು, ಒಂದು ಗಂಟೆ. ರಾಜ್ಯ ತಂಡಕ್ಕೆ ಆಡಿದ್ದನ್ನು ಹೇಳಿದರು. ಒಂದು ಫೈನಲ್‌ನಲ್ಲಿ ಕಂಬಕ್ಕೆ ಬಡಿದು ಬೆರಳು ಮುರಿದರೂ ಯಾರಿಗೂ ಹೇಳದೆ ಕೊನೆಯವರೆಗೆ ಆಡಿ ಗೆದ್ದದ್ದನ್ನು ಹೇಳಿದರು. ಮದುವೆಯಾಗಿ ಬಂದ ಮನೆಗೆ ಅವರ ಸರ್ಕಾರಿ ಕೆಲಸ ಬೇಕಿತ್ತಂತೆ, ಆಟದ ಮಾತು ಬೇಡವಾಗಿತ್ತಂತೆ. ಅದನ್ನು ಸ್ಕೂಲಲ್ಲೇ ಬಿಟ್ಟು ಬಾ ಎಂದು ಅತ್ತೆ ಮೊದಲ ವಾರವೇ ಹೇಳಿದ್ದರು. ಅತ್ತೆ ಹೋದ ಮೇಲೂ ಇವರು ಬಿಟ್ಟೇ ಬರುತ್ತಿದ್ದರು. ಅಷ್ಟನ್ನೂ ನಾನು ಹೆಡ್‌ಫೋನ್ ಇಲ್ಲದೆಯೇ ಕೇಳಿಸಿಕೊಂಡೆ.

ಹೋದ ವರ್ಷ ಮೇಡಂ ತೀರಿಕೊಂಡರು. ತಿಥಿಗೆ ಹೋದಾಗ ಅವರ ಸೊಸೆ ನನ್ನನ್ನು ಅಡುಗೆಮನೆಗೆ ಕರೆದಳು. ಪಾಡ್‌ಕಾಸ್ಟ್ ಬಂದ ವಿಷಯವನ್ನು ಮೇಡಂ ಮನೆಯಲ್ಲಿ ಹೇಳಿಯೇ ಇರಲಿಲ್ಲ. ಅವರು ಹೋದ ಮೇಲೆ ಯಾರೋ ಹಳೆಯ ವಿದ್ಯಾರ್ಥಿನಿ ಅದನ್ನು ಇವಳಿಗೆ ಕಳಿಸಿದ್ದಳು. ನನ್ನ ದನಿಗಾಗಿ ಅವರಿಗೆ ಎಂದೂ ಬಾಯಿಬಿಟ್ಟು ಥ್ಯಾಂಕ್ಸ್ ಹೇಳದ ನಾನು ಅಲ್ಲಿ ತಲೆತಗ್ಗಿಸಿ ನಿಂತಿದ್ದೆ.

"ಅವ್ರ ಬೆರಳು ಹೆಂಗ್ ಮುರೀತು ಅಂತ ನಾವು ಒಂದಿನಾನೂ ಕೇಳ್ಲಿಲ್ಲ ಅಕ್ಕ" ಎಂದಳು. "ಈಗ ದಿನಾ ಅಡಿಗೆ ಮಾಡ್ವಾಗ ಅವ್ರ ಮಾತು ಹಾಕ್ಕಂತೀನಿ. ಪಕ್ಕದ ಮನೆಗೂ ಕೇಳಂಗೆ."