ಕೆಂಪು ಬೊಟ್ಟಿನ ಜಪಾನ್ ತಟ್ಟೆ

ವಾಷಿಂಗ್ ಮೆಷಿನ್ ಇಡಲು ಧರ್ಮಪುರಿ ಮನೆಯ ಹಿತ್ತಿಲು ಖಾಲಿ ಮಾಡುವಾಗ ಗೋಡೆಯ ಗೂಡಿನಲ್ಲಿ ಆ ನಾಲ್ಕು ತಟ್ಟೆಗಳು ಸಿಕ್ಕವು. ಬೂದು ಬಣ್ಣ, ಅಂಚಿಗೆ ನೀಲಿ ಗೆರೆ, ಕಲ್ಲಿನಂಥ ಭಾರ. ಸೇಲಂನಿಂದ ರಜೆಗೆ ಬಂದಿದ್ದ ಅಣ್ಣನ ಮಗಳು ಒಂದನ್ನು ಒರೆಸಿ ನೋಡಿ ಕುಣಿದಳು.

“ಅತ್ತೆ, ಇದು ಹಳೇ ಜಪಾನ್ ಸ್ಟೋನ್‌ವೇರ್! ಅಡೀಲಿ ಸ್ಟಾಂಪ್ ಐತಾ ನೋಡು, ಯಾರು ಮಾಡಿದ್ದು ಅಂತ ಕಂಡ್ಹಿಡೀಬೋದು.”

ಮಗುಚಿದೆವು. ಸ್ಟಾಂಪ್ ಇರಬೇಕಾದ ಜಾಗದಲ್ಲಿ ಕೆಂಪು ಪೇಂಟಿನ ಬೊಟ್ಟು. ನಾಲ್ಕಕ್ಕೂ.

“ಅಯ್ಯೋ, ಯಾರ್ ಇಂಗೆ ಹಾಳ್ ಮಾಡಿದ್ದು?”

“ನಿನ್ನ ಅಜ್ಜಿ” ಅಂದೆ. ಯಾಕೆ ಅನ್ನುವುದನ್ನು ಬಿಟ್ಟು ಉಳಿದ ತಟ್ಟೆಗಳ ಧೂಳು ಒರೆಸತೊಡಗಿದೆ.

ಅಪ್ಪನ ಆಫೀಸಿನ ದೊಡ್ಡ ಇಂಜಿನಿಯರು ವರ್ಗವಾಗಿ ಹೋಗುವಾಗ ಕೊಟ್ಟ ತಟ್ಟೆಗಳವು. ಅಮ್ಮ ಒಳಗೆ ಸೇರಿಸಲಿಲ್ಲ. “ಪಿಂಗಾಣಿ ಎಂಜಲು ಈರ್ಕೊಂತೈತೆ. ಎಷ್ಟು ತೊಳುದ್ರೂ ಮಡಿ ಆಗಾಕಿಲ್ಲ” ಅಂದಳು. ಅಡುಗೆಮನೆಯ ಪಾತ್ರೆಗಳ ಜೊತೆ ತಪ್ಪಿಯೂ ಬೆರೆಯದಿರಲಿ ಎಂದು ಬೊಟ್ಟಿಟ್ಟು ಹಿತ್ತಿಲಿಗೆ ಹಾಕಿದಳು. ಹುಣಸೆಹಣ್ಣು ಬಡಿದು ಬೀಜ ತೆಗೆಯಲು ಅದಿಯಮಾನ್‌ಕೋಟೆಯಿಂದ ಪ್ರತಿ ವರ್ಷ ಒಬ್ಬ ಹೆಂಗಸು ಬರುತ್ತಿದ್ದಳು. ಅವಳು ಅದರಲ್ಲೇ ಉಂಡು, ತಾನೇ ತೊಳೆದು ಗೂಡಿನಲ್ಲಿಡಬೇಕು. ಸೌಟು ತಟ್ಟೆಗೆ ತಾಕದಂತೆ ಮೇಲಿನಿಂದ ಸಾರು ಹುಯ್ಯುತ್ತಿದ್ದವಳು ನಾನೇ. ಅವಳ ಕೈ ಮುಟ್ಟಿದ ಹುಣಸೆಹಣ್ಣು ಮಾತ್ರ ವರ್ಷವಿಡೀ ನಮ್ಮ ಸಾರಿಗೆ ಬೀಳುತ್ತಿತ್ತು. ಥೂ, ನಮ್ಮ ಮಡಿಗಿಷ್ಟು!

ಹುಡುಗಿ ಥಿನ್ನರ್ ಹಾಕಿ ಬೊಟ್ಟು ಉಜ್ಜಿದಳು. ಅಡಿಯಿಂದ ಒಂದು ಪುಟ್ಟ ಬೆಟ್ಟದ ಚಿತ್ರ, ನಾಲ್ಕು ಜಪಾನಿ ಅಕ್ಷರ ಎದ್ದವು. ಫೋನ್ ಹಿಡಿದು ಕೂತಳು. ದೀಪ ಹಚ್ಚುವ ಹೊತ್ತಿಗೆ ಎಲ್ಲ ಗೊತ್ತಾಗಿತ್ತು: ಯಾವ ಊರಿನ ಯಾವ ಆವಿಗೆಯಲ್ಲಿ ಬೆಂದದ್ದು, ಆ ನೀಲಿ ಗೆರೆ ಎಳೆದ ಕುಂಬಾರನ ಹೆಸರು ಏನು.

ಆಗ ಬೊಟ್ಟಿನ ಕಥೆ ಹೇಳಿಬಿಟ್ಟೆ. ಅವಳ ಮುಖ ಇಳಿದುಹೋಯಿತು.

“ಆಯಮ್ಮ ಇನ್ನೂ ಇದಾರಾ ಅತ್ತೆ? ಹೋಗಿ ತಪ್ಪಾಯ್ತು ಅಂತ ಒಂದು ಮಾತು ಹೇಳು.”

ನನಗೂ ಅದೇ ಬೇಕಿತ್ತು. ಅಷ್ಟು ಹೇಳದೆ ನಾನು ಸಾಯಬಾರದು ಅನ್ನಿಸಿತು. ಮರುದಿನ ಒಂದು ತಟ್ಟೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಅದಿಯಮಾನ್‌ಕೋಟೆಯ ಬೀದಿಯಲ್ಲಿ ನಾನು ಹುಡುಕಾಡುವುದನ್ನು ನೋಡಿ ಜಗಲಿ ಮೇಲೆ ಕೂತಿದ್ದ ಮುದುಕರೊಬ್ಬರು ತಮಿಳು ಬೆರೆತ ಕನ್ನಡದಲ್ಲಿ ಕೇಳಿದರು.

“ಯಾರ್ನ ತೇಡ್ತಾ ಇದೀಯಮ್ಮಾ?”

“ಆಗೆಲ್ಲಾ ಧರ್ಮಪುರಿಗೆ ಹುಣಸೆಹಣ್ಣು ಬಡಿಯಾಕೆ ಬರ್ತಿದ್ರಲ್ಲ, ಒಬ್ಬಮ್ಮ...”

“ಇಲ್ಲಿ ಎಲ್ಲಾ ಮನೇರೂ ಆ ಕೆಲ್ಸಕ್ಕೆ ಓಗ್ತಿದ್ರು ತಾಯಿ. ಪೇರೇನು ಹೇಳು, ಕೂಗ್ತೀನಿ.”

ಅಮ್ಮ ಅವಳನ್ನು ‘ಏ ಇವಳೇ’ ಎಂದು ಕರೆಯುತ್ತಿದ್ದಳು. ನಾನೂ ಹಾಗೇ ಕರೆದೆ. ಅವಳು ಅಷ್ಟು ವರ್ಷ ನಮ್ಮ ಹಿತ್ತಿಲಲ್ಲಿ ಉಂಡಳು, ನಾವು ಒಂದು ದಿನವೂ ಹೆಸರು ಕೇಳಲಿಲ್ಲ.

“ಪೇರು ಹೇಳಮ್ಮಾ” ಅಂದರು ಅವರು ಮತ್ತೆ, ಕೂಗಲು ಎದ್ದು ನಿಂತು.

“ಗೊತ್ತಿಲ್ಲ” ಅಂದೆ.