ಗಿರಿಜಾ ಕಿತ್ತೆಸೆದ ಶ್ರವಣಯಂತ್ರ

೧೯೮೪ರಲ್ಲಿ ನಾನು ವೈದ್ಯಕೀಯ ಉಪಕರಣಗಳ ಕಂಪನಿಯೊಂದರಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಜಯನಗರ ನಾಲ್ಕನೇ ಬ್ಲಾಕಿನ ಒಂದು ಕ್ಲಿನಿಕ್ಕಿನ ಹಿಯರಿಂಗ್ ಏಡ್ ಟೆಸ್ಟ್ ಬಾಕ್ಸ್ ನನ್ನ ಉಸ್ತುವಾರಿಯಲ್ಲಿತ್ತು. ಅದು ಹೊರಗಿನ ಗದ್ದಲ ಒಳಬಾರದಂಥ ಪೆಟ್ಟಿಗೆ. ಅದರೊಳಗೆ ಶ್ರವಣಯಂತ್ರವನ್ನಿಟ್ಟರೆ, ಯಂತ್ರ ಸದ್ದನ್ನು ಎಷ್ಟು ಜೋರು ಮಾಡುತ್ತದೆಂದು ಒಂದು ಪುಟ್ಟ ಮೈಕ್ರೊಫೋನ್ ಅಳೆದು ಹೇಳುತ್ತದೆ. ಆ ಮೈಕ್ರೊಫೋನ್ ಸರಿಯಾಗಿ ಹೇಳುತ್ತಿದೆಯೇ ಎಂದು ನೋಡುವುದೇ ಕ್ಯಾಲಿಬ್ರೇಷನ್. ತಕ್ಕಡಿಯನ್ನೇ ತೂಗಿ ನೋಡುವ ಕೆಲಸ ಎನ್ನಿ.

ದಸರಾ ಮುಗಿದ ಕೆಲವು ವಾರಗಳ ಮೇಲೆ ವಾರ್ಷಿಕ ತಪಾಸಣೆಗೆ ಹೋದೆ. ಕಿವಿ ಪರೀಕ್ಷಿಸಿ ಯಂತ್ರ ಹೊಂದಿಸುವ ಆಡಿಯಾಲಜಿಸ್ಟ್ ವಸಂತಾ ಮೇಡಂ ಎದುರು ಬೇಗೂರಿನ ಶಾಂತಮ್ಮ, ತಮ್ಮ ಆರು ವರ್ಷದ ಮಗಳು ಗಿರಿಜಾಳನ್ನು ಕರೆದುಕೊಂಡು ಬಂದು ಕೂತಿದ್ದರು. ಆಗಿನ ಶ್ರವಣಯಂತ್ರ ಸಿಗರೇಟ್ ಪ್ಯಾಕಿನಷ್ಟು ದೊಡ್ಡದು. ಎದೆಯ ಮೇಲೆ ಪುಟ್ಟ ಚೀಲದಲ್ಲಿ ತೂಗುತ್ತಿತ್ತು, ಅಲ್ಲಿಂದ ಕಿವಿಗೊಂದು ವೈರು. ಹುಡುಗಿ ವೈರನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದಿದ್ದಳು.

"ಹಾಕಿದ್ ತಕ್ಷಣ ಕಿತ್ ಬಿಸಾಕ್ತಾಳೆ ಮೇಡಂ. ಹೊಡ್ದೂ ನೋಡ್ದೆ. ಸೋಮವಾರದಿಂದ ಮಿಷನ್ ಹಾಕ್ಕೊಂಡು ಕೂರ್‍ಲಿಲ್ಲ ಅಂದ್ರೆ ಸ್ಕೂಲಿಂದ ಕರ್ಕೊಂಡ್ ಹೋಗಿ ಅಂದ್ಬಿಟ್ಟಿದಾರೆ," ಎಂದರು ಶಾಂತಮ್ಮ.

ಬೇಸಿಗೆಯಲ್ಲಿ ಹುಡುಗಿ ಅದೇ ಯಂತ್ರವನ್ನು ಖುಷಿಯಿಂದ ಹಾಕಿಕೊಳ್ಳುತ್ತಿದ್ದಳಂತೆ. ಹಿಂದಿನ ವಾರ ಪೆಟ್ಟಿಗೆಯಲ್ಲಿಟ್ಟು ನೋಡಿದಾಗ ಯಂತ್ರದ ಸದ್ದು ಕಡಿಮೆ ಬಂದಿತ್ತು. ಮೇಡಂ ಸ್ಕ್ರೂ ತಿರುಗಿಸಿ ಹೆಚ್ಚಿಸಿದ್ದರು. ಕೀಳುವುದು ಶುರುವಾದದ್ದು ಅಂದಿನಿಂದ.

ನಾನು ಕ್ಯಾಲಿಬ್ರೇಟರ್ ಹೊರತೆಗೆದೆ. ಅದು ಯಾವಾಗಲೂ ೯೪ ಡೆಸಿಬೆಲ್ ಸದ್ದನ್ನೇ ಕೊಡುವ ಉಪಕರಣ. ಮೈಕ್ರೊಫೋನಿಗೆ ತೊಡಿಸಿದರೆ ಮೀಟರು ೯೪ ತೋರಿಸಬೇಕು. ೮೨ ತೋರಿಸಿತು. ನನ್ನ ಬ್ಯಾಟರಿಯನ್ನೇ ಬೈದುಕೊಂಡು ಬದಲಾಯಿಸಿದೆ. ಮತ್ತೆ ೮೨. ಮೈಕ್ರೊಫೋನನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅದರ ಬಾಯಿಯ ಜಾಲರಿಯ ತುಂಬ ಒಣಗಿದ ಗಂಧ, ಮೇಲೊಂದು ದುಂಡನೆಯ ಕುಂಕುಮ.

ಆಯುಧಪೂಜೆ! ಬಸ್ಸಿಗೆ, ಲೇತಿಗೆ, ಹೊಲಿಗೆ ಯಂತ್ರಕ್ಕೆ ಕುಂಕುಮವಿಡುವ ಊರಿನಲ್ಲಿ ಇದೊಂದನ್ನು ಬಿಟ್ಟಾರೆಯೇ?

"ಅಳತೆ ಮಾಡೋದು ಇದೇ ಅಲ್ವಾ ಅಂತ ಇದಕ್ಕೂ ಇಟ್ಟೆ ಸಾರ್," ಎಂದರು ಮೇಡಂ, ಮೆಲ್ಲಗೆ.

ಬೈಯಬೇಕೆಂದು ಬಾಯಿ ತೆರೆದವನು ಅವರ ಮುಖ ನೋಡಿ ಚೀಲದಿಂದ ಹೊಸ ಜಾಲರಿ ತೆಗೆದೆ. ಭಕ್ತಿ ಸರಿಯಾಗಿಯೇ ಇತ್ತು, ಜಾಗ ತಪ್ಪಿತ್ತು.

ಜಾಲರಿ ಬದಲಿಸಿದೆ, ಮೀಟರು ೯೪ಕ್ಕೆ ಬಂತು. ಗಿರಿಜಾಳ ಯಂತ್ರವನ್ನು ಮತ್ತೆ ಅಳೆದರೆ ಬೇಕಾದದ್ದಕ್ಕಿಂತ ಹನ್ನೆರಡು ಡೆಸಿಬೆಲ್ ಹೆಚ್ಚು. ಗಂಧ ಮೆತ್ತಿದ ಮೈಕ್ರೊಫೋನ್ ಕಡಿಮೆ ಹೇಳಿದ್ದನ್ನು ನಂಬಿ ಮೇಡಂ ಸರಿಯಿದ್ದ ಯಂತ್ರವನ್ನೇ ಏರಿಸಿದ್ದರು. ಅಷ್ಟು ದಿನವೂ ಆ ಮಗುವಿನ ಕಿವಿಯಲ್ಲಿ ಲೋಕವೆಲ್ಲ ಕಿರುಚುತ್ತಿತ್ತು. ಮೇಡಂ ಸದ್ದು ಇಳಿಸಿ, ನೆಲದ ಮೇಲೆ ಕೂತು, ಪುಸಲಾಯಿಸಿ ಯಂತ್ರ ತೊಡಿಸಿದರು. ಹುಡುಗಿ ಹೆದರಿ ಕಣ್ಣು ಮುಚ್ಚಿಕೊಂಡಳು. ಹೊರಗೆ ಆಟೋ ಒಂದು ಹಾರ್ನ್ ಮಾಡಿತು. ಅವಳು ಕಣ್ಣು ಬಿಟ್ಟು ಕಿಟಕಿಯತ್ತ ತಿರುಗಿದಳು. ಕೈ ಕಿವಿಗೆ ಹೋಗಲಿಲ್ಲ.

ಶಾಂತಮ್ಮ ಮಗಳನ್ನು ಎದೆಗೆ ಎಳೆದುಕೊಂಡರು. "ನೋಯ್ತಿತ್ತೇನೇ ಕಂದ? ಹೊಡ್ದ್‌ಬಿಟ್ನಲ್ಲೇ..." ಎಂದು ಅತ್ತರು.

ದಸರಾ ನಂತರ ಸದ್ದು ಹೆಚ್ಚಿಸಿದವರನ್ನೆಲ್ಲ ಮೇಡಂ ಮರುದಿನದಿಂದಲೇ ವಾಪಸು ಕರೆಸಿದರು. ಗಿರಿಜಾ ಸೋಮವಾರ ಶಾಲೆಗೆ ಹೋದಳು. ಮರುವರ್ಷ ಕುಂಕುಮ ಪೆಟ್ಟಿಗೆಯ ಮುಚ್ಚಳದ ಮೇಲಿತ್ತು, ಮೈಕ್ರೊಫೋನಿನ ಮುಂದೆ ಬರೀ ಒಂದು ಸೇವಂತಿಗೆ.

ಆಮೇಲೆ ಯಾವ ಕ್ಲಿನಿಕ್ಕಿಗೆ ಹೋದರೂ, ಚೀಲ ಬಿಚ್ಚುವ ಮೊದಲು ಯಂತ್ರ ಹಾಕಿಕೊಳ್ಳುವವರು ಏನು ಹೇಳುತ್ತಾರೆಂದು ಕೇಳುತ್ತಿದ್ದೆ. ಏಕೆಂದರೆ ಅಂದು ಆ ಕೋಣೆಯಲ್ಲಿ ಸರಿಯಾಗಿ ಅಳೆಯುತ್ತಿದ್ದದ್ದು ಆ ಮಗುವಿನ ಕಿವಿಯೊಂದೇ. ಪೆಟ್ಟು ತಿಂದದ್ದೂ ಆ ಮಗುವೇ.