ಬಿಳಿ ಕುದುರೆಯ ಎಡ ಹೆಗಲು

ಫೋಟೋ ತೆಗೆಯುವವರನ್ನು ಕಂಡರೆ ಈಗೀಗ ನನಗೆ ಮೈ ಉರಿಯುತ್ತದೆ. ನಾನೂ ಫೋಟೋ ತೆಗೆಯುವವಳೇ. ಹಾಗಾಗಿ ಈ ಸಿಟ್ಟಿನಲ್ಲಿ ನನಗೂ ಒಂದು ಪಾಲಿದೆ, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಉಳಿದವರನ್ನು ಬೈದು ಮುಗಿಸುತ್ತೇನೆ, ಅದು ಸುಲಭದ ಕೆಲಸ.

ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ಒಂದು ಕ್ಯಾಮೆರಾ ಕೊಂಡೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಹವ್ಯಾಸಿಗಳದ್ದೊಂದು ಗುಂಪಿತ್ತು, ಸೇರಿಕೊಂಡೆ. ಡಾಕ್ಟರು, ಪ್ರೊಫೆಸರು, ಇಬ್ಬರು ವಕೀಲರು, ಎಲ್ಲರ ಮೇಲೆ ಅಧ್ಯಕ್ಷರಾಗಿ ಒಬ್ಬ ನಿವೃತ್ತ ಇಂಜಿನಿಯರು. ಭಾನುವಾರ ನಸುಕಿನಲ್ಲಿ ಎಲ್ಲಾದರೂ ಹೋಗುವುದು, ಸುಸಲಾ ಮಿರ್ಚಿ ತಿಂದು ಬರುವುದು, ಮಧ್ಯಾಹ್ನ ಪೂರ್ತಿ ವಾಟ್ಸಾಪಿನಲ್ಲಿ ಒಬ್ಬರಿಗೊಬ್ಬರು ‘ಸೂಪರ್ ಸರ್’ ಎಂದು ಹೊಗಳಿಕೊಳ್ಳುವುದು. ನಾನೂ ಹೊಗಳಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಸೇರಿದ ಮೊದಲ ದಿನವೇ ಅಧ್ಯಕ್ಷರು ಚಹಾ ಕುಡಿಯುತ್ತ ಕೇಳಿದ್ದರು, “ಮೇಡಂ, ನಿಮ್ಮ ತಂದಿಯವರು ಏನ್ ಮಾಡ್ತಿದ್ರರಿ?”

ನಮ್ಮ ಕಡೆ ಇದು ಜಾತಿ ಕೇಳುವ ಸಭ್ಯ ದಾರಿ. “ಹಳೇ ಹುಬ್ಬಳ್ಳ್ಯಾಗ ಅಂಗಡಿ ಇತ್ರಿ” ಎಂದೆ. ಎಂಥ ಅಂಗಡಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಂಗಡಿ ಎಂದರೆ ಓಣಿಯ ಬಾಯಲ್ಲಿ ನಾಲ್ಕು ತಗಡು. ಅದರ ಕೆಳಗೆ ಗೋಣಿಚೀಲದ ಮೇಲೆ ಕೂತು ಅಪ್ಪ ತಾಂಗಾ ಕುದುರೆಗಳಿಗೆ ಚರ್ಮದ ಪಟ್ಟಿ ಹೊಲಿಯುತ್ತಿದ್ದ. ಅದೇ ದುಡಿಮೆಯಲ್ಲಿ ನಮ್ಮನ್ನು ಓದಿಸಿದ, ಮನೆಯ ಗೋಡೆಗೆ ಬುದ್ಧನ ಫೋಟೋ ತಂದು ಹಾಕಿದ, ಯಾರ ಮುಂದೆಯೂ ತಲೆ ತಗ್ಗಿಸಬೇಡಿ ಎಂದ. ಮೂವತ್ತು ವರ್ಷ ತರಗತಿಯಲ್ಲಿ ನಿಂತು ಯಾವ ಕೆಲಸವೂ ಕೀಳಲ್ಲ ಎಂದು ಮಕ್ಕಳಿಗೆ ಭಾಷಣ ಬಿಗಿದವಳು ನಾನು. ಒಂದು ಕಪ್ ಚಹಾದ ಮುಂದೆ ಅಪ್ಪನನ್ನು ಅಂಗಡಿಕಾರ ಮಾಡಿಬಿಟ್ಟೆ.

ಈ ಸಿಟ್ಟು ಹುಟ್ಟಿದ ಭಾನುವಾರ ನಾವು ಹೋದದ್ದು ಗೋಪನಕೊಪ್ಪದ ಆಚೆ, ಮನೆಗಳು ಮುಗಿದು ಖಾಲಿ ಜಾಗ ಶುರುವಾಗುವಲ್ಲಿ. ಅಲ್ಲಿ ತಂತಿಬೇಲಿ ಹಾಕಿದ ಒಂದು ದೊಡ್ಡಿ. ಅದರೊಳಗೆ ಮೂರು ಕುದುರೆ, ಎರಡು ಕೆಂದು, ಒಂದು ಬಿಳಿ. ತಾಂಗಾಕ್ಕೆ ಕಟ್ಟುತ್ತಿದ್ದ ಬಡಕಲು ಕುದುರೆಗಳಲ್ಲ ಇವು, ಭಾರ ಎಳೆಯಲೆಂದೇ ಹುಟ್ಟಿದಂಥವು. ಅಗಲವಾದ ಎದೆ, ದಪ್ಪ ಕುತ್ತಿಗೆ, ತಟ್ಟೆಯಷ್ಟು ಗೊರಸು. ಮಹಾರಾಷ್ಟ್ರದ ಕಡೆಯಿಂದ ತಂದದ್ದಂತೆ. ಮದುವೆಯ ಮೆರವಣಿಗೆಯಲ್ಲಿ ಮದುಮಕ್ಕಳನ್ನು ಕೂರಿಸುವ ಸಾರೋಟನ್ನು ಎಳೆಯುತ್ತವೆ. ಒಡೆಯ ಎಪ್ಪತ್ತರ ಮೇಲಿನ ಮುದುಕ. ಮೊದಲು ತಾಂಗಾ ಹೊಡೆಯುತ್ತಿದ್ದವನು. ಎಲ್ಲರೂ ಚಾಚಾ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ನಾನು ಶಾಲೆಯಲ್ಲಿ ಕಲಿಸಿದವಳೆಂದು ಗೊತ್ತಾದ ಮೇಲೆ ಅವರು ನನ್ನನ್ನು, ನಮ್ಮ ಕಡೆ ಟೀಚರನ್ನು ಕರೆಯುವ ಹಾಗೆ, ಅಕ್ಕಾರ ಎಂದರು.

ಮೊದಲ ಅರ್ಧ ಗಂಟೆ ಚೆನ್ನಾಗಿತ್ತು. ಕುದುರೆಗಳು ತಮ್ಮಷ್ಟಕ್ಕೆ ಮೇವು ತಿನ್ನುತ್ತಿದ್ದವು. ಒಂದರ ಬೆನ್ನಿನ ಮೇಲೆ ಇನ್ನೊಂದು ಗದ್ದ ಊರಿ ನಿಂತಿತ್ತು. ಬಿಳಿಯದು ಬೇಲಿಯ ತನಕ ಬಂದು ನನ್ನ ಕೈಚೀಲ ಮೂಸಿತು, ಒಳಗೆ ಏನೂ ಇಲ್ಲವೆಂದು ತಿಳಿದು ಮೂಗಿನಿಂದ ಜೋರಾಗಿ ಉಸಿರು ಬಿಟ್ಟು ಹೊರಟುಹೋಯಿತು. ನನಗೆ ನಗು ಬಂತು. ಅದೇ ನನಗೆ ಸಾಕಾಗಿತ್ತು, ಮನೆಗೆ ಹೋಗಬಹುದಿತ್ತು.

ಆದರೆ ಅಧ್ಯಕ್ಷರಿಗೆ ಸಾಕಾಗಲಿಲ್ಲ. “ಸುಮ್ನ ನಿಂತ ಕುದುರಿ ಯಾರಿಗೆ ಬೇಕ್ರಿ? ಸ್ಪರ್ಧಾಕ್ಕ ವೈಭವ ಬೇಕು, ಧೂಳು ಬೇಕು” ಎನ್ನುತ್ತ ಕಾರಿನ ಡಿಕ್ಕಿ ತೆಗೆದು ಒಂದು ದೊಡ್ಡ ಚೀಲ ಎಳೆದರು. ಒಳಗಿದ್ದದ್ದು ಮದುವೆ ಅಲಂಕಾರದವರಿಂದ ಬಾಡಿಗೆಗೆ ತಂದ ಎದೆಪಟ್ಟಿ. ಕುದುರೆ ಗಾಡಿ ಎಳೆಯುವಾಗ ಅದರ ಎದೆಗೂ ಹೆಗಲಿಗೂ ಒತ್ತಿ ಭಾರವೆಲ್ಲ ಹೊರುವುದು ಈ ಪಟ್ಟಿಯೇ. ಕೆಂಪು ರೆಕ್ಸಿನ್, ಕನ್ನಡಿ ಚೂರು, ಹಿತ್ತಾಳೆಯ ಗೆಜ್ಜೆ, ಜರಿ. ನೋಡಲು ಮಾತ್ರ ಭಾರಿ ಚಂದ.

ಚಾಚಾ ಅದನ್ನು ಕೈಯಲ್ಲಿ ತೂಗಿ ನೋಡಿ, “ಸಾಹೇಬ್ರ, ಇದು ಆಗೂದಿಲ್ರಿ. ಬಿಳಿ ಕುದುರಿ ಎದಿ ಅಗಲ ಐತಿ. ನನ್ನ ಹಳೇ ಪಟ್ಟಿನ ಹಾಕ್ತೇನಿ” ಎಂದರು.

“ಎರಡ ನಿಮಿಷದ ಮಾತು ಚಾಚಾ. ನಿಮ್ಮ ಹಳೇ ಪಟ್ಟಿ ಫೋಟೋದಾಗ ಚಂದ ಕಾಣೂದಿಲ್ಲ.”

ಚಾಚಾ ಸಾರೋಟನ್ನು ಹೊರಗೆ ಎಳೆಯಲು ಹೋದರು. ಅಧ್ಯಕ್ಷರ ಷಡ್ಡಕರದ್ದು ಕಲ್ಯಾಣಮಂಟಪ, ಚಾಚಾರ ಸಾರೋಟಿಗೆ ಅರ್ಧ ಮದುವೆಗಳು ಅಲ್ಲಿಂದಲೇ ಬರುವುದು. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಪಟ್ಟಿಯನ್ನು ಕಾರಿನ ಬಾನೆಟ್ಟಿನ ಮೇಲೆ ಮಗುಚಿ ಹಾಕಿದ್ದರು. ಒಳಮೈ ಮೇಲಾಗಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ಕನ್ನಡಿಗಳನ್ನು ಕೂರಿಸಿದ ನೈಲಾನ್ ದಾರದ ಗಂಟುಗಳೆಲ್ಲ ಒಳಗಡೆ. ಕತ್ತರಿಸಿದ ತುದಿಗಳು ಮುಳ್ಳಿನ ಹಾಗೆ ಎದ್ದಿದ್ದವು, ಗೋಂದು ಹರಳುಗಟ್ಟಿತ್ತು. ಎಡಗಡೆ ಒಂದು ತಂತಿಯ ತುದಿಯೂ ಹೊರಗೆ ಬಂದಿತ್ತು. ಇದನ್ನು ಹೊಲಿದವರು ಮದುಮಗನ ಪೇಟ ಹೊಲಿದವರಿರಬೇಕು. ಅಪ್ಪನಾಗಿದ್ದರೆ ಆ ಪಟ್ಟಿಯನ್ನು ಗಟಾರಕ್ಕೆ ಎಸೆಯುತ್ತಿದ್ದ. ಅವನು ಪ್ರತಿ ಪಟ್ಟಿಯನ್ನೂ ಮೊದಲು ತನ್ನ ಬರಿ ತೋಳಿಗೆ ತಿಕ್ಕಿ ನೋಡುತ್ತಿದ್ದ, ಆಮೇಲೆ ನಮ್ಮ ತೋಳಿಗೆ ತಿಕ್ಕುತ್ತಿದ್ದ. “ಚುಚ್ಚತೈತೇನ?” ಎಂದು ಕೇಳುತ್ತಿದ್ದ. ಇಲ್ಲ ಅಂದರೆ ಮಾತ್ರ ಅದು ಕುದುರೆಯ ಮೈಮೇಲೆ ಹೋಗುತ್ತಿತ್ತು. ನಾಲ್ಕನೇ ವಯಸ್ಸಿನಿಂದ ನಾನು ಇದನ್ನು ಕಲಿತಿದ್ದೇನೆ. ವಿಜ್ಞಾನಕ್ಕಿಂತ ಮೊದಲು.

ಇಷ್ಟೇ ಹೇಳಬೇಕಿತ್ತು: ‘ಸರ್, ಗಂಟು ಒಳಗ ಅದಾವು, ಚರ್ಮ ಕಿತ್ತು ಬರತೈತಿ.’ ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಮುಂದಿನ ಪ್ರಶ್ನೆ ನನಗೆ ಕೇಳಿಸಿಬಿಟ್ಟಿತು, ಇನ್ನೂ ಯಾರೂ ಕೇಳದೆಯೇ: ‘ನಿಮಗ ಹ್ಯಾಂಗ ಗೊತ್ತರಿ ಮೇಡಂ ಇದೆಲ್ಲಾ?’ ತೆರೆದ ಬಾಯಿ ಮುಚ್ಚಿದೆ. ಲೆನ್ಸು ಒರೆಸಿಕೊಳ್ಳುವ ನಾಟಕ ಮಾಡಿದೆ.

ಸಾರೋಟು ಕಟ್ಟುವಾಗ ಚಾಚಾ ಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡಲು ಹೋದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಏನಿದ್ದರೂ ಬೆರಳಿನಿಂದಲೇ ಅವರಿಗೆ ಗೊತ್ತಾಗಬೇಕು. “ಬೆಳಕು ಹೊಂಟೈತಿ ಚಾಚಾ, ಲಗೂ” ಎಂದು ಅಧ್ಯಕ್ಷರು ತಾವೇ ಬಕಲು ಬಿಗಿದುಬಿಟ್ಟರು.

ಒಂದು ಸುತ್ತು ಎಂದರು. ಒಂದು ಎರಡಾಯಿತು, ಎರಡು ಐದಾಯಿತು. ಪ್ರತಿ ಸಲವೂ ಯಾರದ್ದೋ ಫೋಟೋ ಸರಿ ಬಂದಿರಲಿಲ್ಲ. “ಜೋರಾಗಿ ಹೊಡೀರಿ ಚಾಚಾ, ಧೂಳು ಏಳವಲ್ದು” ಎಂದು ಡಾಕ್ಟರು ಕೂಗಿದರು. ದಿನಾ ಜನರ ಗಾಯ ನೋಡುವ ಮನುಷ್ಯ. ಆರನೆಯ ಸುತ್ತಿಗೆ ಬಿಳಿ ಕುದುರೆ ಕುತ್ತಿಗೆಯನ್ನು ಬಲಕ್ಕೆ ಸೆಳೆಯತೊಡಗಿತು, ಕಣ್ಣು ಅಗಲವಾದವು, ಬಾಯಿಯಲ್ಲಿ ನೊರೆ ಬಂತು. ನನ್ನದು ಉದ್ದನೆಯ ಲೆನ್ಸು. ಪಟ್ಟಿಯ ಅಂಚಿಗೆ, ಎಡ ಹೆಗಲಿನ ಬಿಳಿ ಕೂದಲ ಮೇಲೆ ಕೆಂಪು ಮೂಡಿದ್ದನ್ನು ಎಲ್ಲರಿಗಿಂತ ಮೊದಲು ನಾನು ನೋಡಿದೆ. ನೋಡಿ ಏನು ಮಾಡಿದೆ? ಗುಂಡಿ ಒತ್ತಿದೆ. ಅಭ್ಯಾಸ ಎನ್ನಿ, ಏನಾದರೂ ಎನ್ನಿ, ಬೆರಳು ಒತ್ತಿತು. ಅಂಥ ಬೆರಳನ್ನು ಕಲ್ಲಿನ ಮೇಲಿಟ್ಟು ಜಜ್ಜಬೇಕು.

ಚಾಚಾ ತಾವಾಗಿಯೇ ಗಾಡಿ ನಿಲ್ಲಿಸಿದರು. ಕುದುರೆಯ ನಡಿಗೆ ತಪ್ಪಿದ್ದು ಲಗಾಮಿನಲ್ಲೇ ಅವರ ಕೈಗೆ ಗೊತ್ತಾಗಿತ್ತು. ಇಳಿದು ಬಂದು ಪಟ್ಟಿ ಬಿಚ್ಚಿದರು. ಅದು ಅಂಟಿಕೊಂಡಿತ್ತು. ಬಿಡಿಸುವಾಗ ಕುದುರೆ ಇಡೀ ಮೈ ನಡುಗಿಸಿತು. ಅಂಗೈಯಗಲ ಚರ್ಮ ಸುಲಿದುಹೋಗಿತ್ತು. ಚಾಚಾ ಬೆರಳಿಗೆ ಹತ್ತಿದ ಒದ್ದೆಯನ್ನು ಕಣ್ಣಿನ ಹತ್ತಿರ ತಂದು ನೋಡಿದರು.

“ಇಷ್ಟ ಮಂದಿ ಕಲತವ್ರು ನಿಂತೀರಿ. ಇಷ್ಟಿಷ್ಟ ದೊಡ್ಡ ಕ್ಯಾಮೆರಾ ಹಿಡದೀರಿ. ಒಬ್ರಿಗೂ ಕಾಣ್ಲಿಲ್ಲೇನ್ರಿ?”

“ಅಯ್ಯ, ಸ್ವಲ್ಪ ತರಚೇತಿ, ಅರಿಷಿಣ ಹಚ್ರಿ” ಎಂದರು ಅಧ್ಯಕ್ಷರು. ಆಮೇಲೆ ಎಲ್ಲರೂ ಸುಸಲಾ ತಿನ್ನಲು ಹೋದರು. ನಾನು ತಲೆನೋವೆಂದು ಆಟೋ ಹತ್ತಿದೆ.

ಎರಡು ವಾರದ ನಂತರ ವಿದ್ಯಾನಗರದಲ್ಲಿ ಸಭೆ. ಸ್ಪರ್ಧೆಗೆ ಕಳಿಸುವ ಚಿತ್ರಗಳನ್ನು ಪರದೆಯ ಮೇಲೆ ಹಾಕಿ ಆರಿಸುತ್ತಿದ್ದರು. ನಾನು ಕಳಿಸಿರಲಿಲ್ಲ. ಆದರೆ ಆ ದಿನ ಆಟೋದಲ್ಲಿ ಕೂತವಳು ಸಿಟ್ಟಿನಲ್ಲಿ ವಾಟ್ಸಾಪ್ ಗುಂಪಿಗೆ ಆರನೆಯ ಸುತ್ತಿನ ಆ ಒಂದು ಫೋಟೋ ಹಾಕಿದ್ದೆ, ಗಾಯ ನೋಡಲಿ ಎಂದು. ಯಾರೂ ಗಾಯ ನೋಡಿರಲಿಲ್ಲ. ಎಲ್ಲರೂ ‘ಸೂಪರ್ ಮೇಡಂ’ ಅಂದಿದ್ದರು. ಈಗ ಅದೇ ಚಿತ್ರ ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ಬಂತು.

“ಆ ಕಣ್ಣಾಗಿನ ಆವೇಶ ನೋಡ್ರಿ!” ಎಂದರು ಅಧ್ಯಕ್ಷರು. “ಇದ ಮೊದಲನೇದು. ಮೇಡಂ, ಹೆಗಲ ಮ್ಯಾಲಿನ ಆ ಕೆಂಪ ಕಲೆ ಒಂದು ಅಳಿಸಿಬಿಡ್ರಿ. ಕಂಪ್ಯೂಟರ್‌ನ್ಯಾಗ ಎರಡ ನಿಮಿಷದ ಕೆಲಸ.”

ನಾನು ಎದ್ದು ನಿಂತೆ. ಧ್ವನಿ ತರಗತಿಯದ್ದೇ ಬಂತು. “ಅದು ಕಲೆ ಅಲ್ರಿ, ಗಾಯ. ಅದು ಆವೇಶ ಅಲ್ರಿ, ನೋವು. ಪಟ್ಟಿಯ ಗಂಟು ಒಳಗಿದ್ವು. ನಮ್ಮಪ್ಪ ಹಳೇ ಹುಬ್ಬಳ್ಳ್ಯಾಗ ಕುದುರಿ ಪಟ್ಟಿ ಹೊಲೀತಿದ್ದ, ಅದಕ್ಕ ನನಗ ಗೊತ್ತು. ಅಂಗಡಿ ಗಿಂಗಡಿ ಏನೂ ಇರಲಿಲ್ಲ.”

ಆಮೇಲೆ ಅಧ್ಯಕ್ಷರ ಮುಖದಲ್ಲಿ ಒಂದು ನಗೆ ಅರಳಿತು, ಪರೀಕ್ಷೆಯಲ್ಲಿ ಹಿಂದುಳಿದ ಮಗುವಿಗೆ ಮೇಷ್ಟ್ರು ತೋರಿಸುವಂಥ ನಗೆ. “ಅದರಾಗ ಏನೈತ್ರಿ ಮೇಡಂ? ನಾವೇನ್ ಅಂಥಾದ್ದೆಲ್ಲಾ ನೋಡೂದಿಲ್ಲ. ಎಲ್ಲಾ ಕೆಲಸಾನೂ ದೊಡ್ಡದಽ. ನಿಮ್ಮ ಬಗ್ಗೆ ನಮಗ ಹೆಮ್ಮಿ ಐತಿ.” ಪ್ರೊಫೆಸರು ತಲೆಯಾಡಿಸಿದರು. ಯಾರೋ ಚಪ್ಪಾಳೆ ಕೂಡ ತಟ್ಟಿದರು!

ನನ್ನ ಜೀವಮಾನದಲ್ಲಿ ಅಷ್ಟು ಸಿಟ್ಟು ನನಗೆ ಬಂದಿರಲಿಲ್ಲ. ನಾನು ಕುದುರೆಯ ಹೆಗಲಿನ ಮಾತಾಡಿದ್ದೆ, ಇವರು ನನ್ನ ಅಪ್ಪನನ್ನು ಕ್ಷಮಿಸಿ ಕೂತರು. ಹೆಗಲಿನ ರಕ್ತ ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ ಕಾಣುತ್ತಿತ್ತು, ಒಬ್ಬನ ಬಾಯಿಂದಲೂ ಅದರ ಸುದ್ದಿ ಇಲ್ಲ. “ನಿಮ್ಮ ಹೆಮ್ಮಿ ನಿಮ್ಮ ಹತ್ರಾನಽ ಇಟ್ಕೋರಿ” ಎಂದು ಹೇಳಿ, ಚಿತ್ರವನ್ನು ವಾಪಸು ಪಡೆದು, ಗುಂಪನ್ನು ಬಿಟ್ಟು ಬಂದೆ. ಮೆಟ್ಟಿಲು ಇಳಿಯುವಾಗ ಎದೆ ಹಗುರಾಗಿತ್ತು. ಎಷ್ಟೋ ವರ್ಷದ ಸಾಲವನ್ನು ಅಪ್ಪನಿಗೆ ತೀರಿಸಿದೆ ಎಂದುಕೊಂಡೆ.

ಆ ಹಗುರ ಮೂರು ದಿನವಿತ್ತು. ನಾಲ್ಕನೇ ದಿನ ಗೋಪನಕೊಪ್ಪಕ್ಕೆ ಹೋದೆ, ಒಬ್ಬಳೇ, ಕ್ಯಾಮೆರಾ ಇಲ್ಲದೆ. ಯಾಕೆ ಹೋದೆ ಎಂದು ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಚಾಚಾರಿಂದ ಭೇಷ್ ಅನ್ನಿಸಿಕೊಳ್ಳಲು ಹೋದೆ.

ಅವರು ದೊಡ್ಡಿಯೊಳಗೆ ಬಿಳಿ ಕುದುರೆಗೆ ಮುಲಾಮು ಹಚ್ಚುತ್ತಿದ್ದರು. ಗಾಯ ಕೀವಾಗಿತ್ತು. ಇನ್ನೂ ಒಂದು ತಿಂಗಳು ಗಾಡಿಗೆ ಕಟ್ಟಬಾರದೆಂದು ದನದ ಡಾಕ್ಟರು ಹೇಳಿದ್ದರಂತೆ, ಮದುವೆಯ ದಿನಗಳು ಹಾಗೇ ಹೋಗುತ್ತಿದ್ದವು. ಬೇಲಿಯ ಈಚೆ ನಿಂತೇ ನಾನು ಎಲ್ಲ ಹೇಳಿದೆ. ಸಭೆಯ ಸುದ್ದಿ, ಅಧ್ಯಕ್ಷರ ಮುಖಕ್ಕೇ ಅಂದದ್ದು, ಗುಂಪು ಬಿಟ್ಟದ್ದು. ಹೇಳುತ್ತ ಹೇಳುತ್ತ ಸಿಟ್ಟು ಮತ್ತೆ ಏರಿತು. “ಆ ಪಟ್ಟಿ ಬಾನೆಟ್ ಮ್ಯಾಲೆ ಇದ್ದಾಗನಽ ನೋಡಿದ್ದೆ ಚಾಚಾ, ಗಂಟೆಲ್ಲಾ ಒಳಗ! ನಮ್ಮಪ್ಪ ಆಗಿದ್ರ ಅದನ್ನ ಮುಟ್ಟಾಕೂ ಬಿಡ್ತಿರಲಿಲ್ಲ!”

ಮುಲಾಮಿನ ಕೈ ನಿಂತಿತು. ಅವರು ನನ್ನ ಕಡೆ ತಿರುಗಿದರು. ಪೊರೆ ಬಂದ ಆ ಕಣ್ಣಿಗೆ ನಾನು ಎಷ್ಟು ಕಂಡೆನೋ ಗೊತ್ತಿಲ್ಲ.

“ಅವ್ರಿಗೆ ಗೊತ್ತಿರಲಿಲ್ರಿ ಅಕ್ಕಾರ” ಎಂದರು ಚಾಚಾ. “ನನಗ ಕಣ್ಣಿಲ್ಲ. ನಿಮಗ ಕಂಡಿತ್ತು.”

ಅಷ್ಟೇ ಹೇಳಿ ಮತ್ತೆ ಕುದುರೆಯ ಕಡೆ ತಿರುಗಿದರು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಹಿಡಿದ ತಂತಿ ಬಿಟ್ಟು ಬಸ್ ಸ್ಟಾಪಿನ ಕಡೆ ನಡೆದೆ.